ಉಬ್ಬುವ ಎರೆಮಣ್ಣಿಗೆ ಕಾರ್ಖಾನೆ ತ್ಯಾಜ್ಯದ ಮದ್ದು: ಪರೀಕ್ಷೆಯಿಂದ ರೋಲರ್‌ವರೆಗೆ ಸಮಗ್ರ ಮಾರ್ಗದರ್ಶಿ

ಹಾರುಬೂದಿ (ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ನುಣ್ಣನೆಯ ಬೂದಿ) ಎಷ್ಟು ಪರ್ಸೆಂಟ್ ಹಾಕಿದರೆ ಎರೆಮಣ್ಣು ಉಬ್ಬುವುದು ನಿಲ್ಲುತ್ತದೆ? ಈ ಪ್ರಶ್ನೆಗೆ ಥಟ್ಟನೆ ಒಂದು ಸಂಖ್ಯೆ ಹೇಳುವವರನ್ನು ನಂಬಬೇಡಿ. ಒಂದೇ ಜಾಗದ ಎರಡು ಮೂಲೆಯ ಮಣ್ಣು ಒಂದೇ ಥರ ಇರುವುದಿಲ್ಲ. ಒಂದೇ ವಿದ್ಯುತ್ ಸ್ಥಾವರದಿಂದ ಬಂದ ಎರಡು ಲೋಡ್ ಬೂದಿಯೂ ಒಂದೇ ಥರ ಇರುವುದಿಲ್ಲ. ಕೆಳಗೆ ಸಾಕಷ್ಟು ಸಂಖ್ಯೆಗಳು ಬರುತ್ತವೆ, ಆದರೆ ಅವು ಪರೀಕ್ಷೆ ಶುರು ಮಾಡುವುದಕ್ಕೆ. ಕೊನೆಯ ಅಳತೆ ಸಿಗುವುದು ನಿಮ್ಮ ಮಣ್ಣನ್ನೂ ನಿಮಗೆ ಸಿಕ್ಕಿರುವ ತ್ಯಾಜ್ಯವನ್ನೂ ಕೂಡಿಸಿ ನೋಡಿದ ಮೇಲೆಯೇ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ವಿಧಾನ, ಅಂದರೆ ಮಣ್ಣಿಗೆ ಸುಣ್ಣ ಮತ್ತು ಕಾರ್ಖಾನೆ ತ್ಯಾಜ್ಯ ಬೆರೆಸಿ ಗಟ್ಟಿ ಮಾಡುವುದು, ರಸ್ತೆ, ಪಾರ್ಕಿಂಗ್ ಜಾಗ, ಗೋದಾಮಿನ ಅಂಗಳ, ನಡೆಯುವ ದಾರಿ ಇಂಥವುಗಳ ಕೆಳಗಿನ ಮಣ್ಣಿಗೆ ಸರಿ. ಮನೆ ಪಾಯಕ್ಕೆ ಇದೊಂದೇ ಸಾಲದು. ಮಳೆ ಬಿಸಿಲಿಗೆ ತೇವ ಏರಿಳಿಯುವ ಮಣ್ಣು ಎಷ್ಟೋ ಕಡೆ ಒಂದೂವರೆಯಿಂದ ಮೂರು ಮೀಟರ್ ಆಳದವರೆಗೂ ಇರುತ್ತದೆ, ನಾವು ಸುಣ್ಣ ಬೂದಿ ಬೆರೆಸುವುದು ಮೇಲಿನ 20–30 ಸೆಂ.ಮೀ.ಗೆ. ಕೆಳಗಿರುವ ಮಣ್ಣು ತನ್ನ ಪಾಡಿಗೆ ಉಬ್ಬುತ್ತಲೇ ಇರುತ್ತದೆ, ಅಲ್ವಾ? ಮನೆ ಕಟ್ಟುವವರು ಪಾಯದ ವಿಷಯಕ್ಕೆ ಮಣ್ಣಿನ ಎಂಜಿನಿಯರ್ ಹತ್ತಿರವೇ ಹೋಗಬೇಕು.

ಮಣ್ಣು ಉಬ್ಬುವುದು ಯಾಕೆ

ಎರೆಮಣ್ಣಿನಲ್ಲಿ ಮಾಂಟ್ಮೋರಿಲೋನೈಟ್ ಎನ್ನುವ ಖನಿಜ ಜಾಸ್ತಿ. ಅದರ ಕಣಗಳು ಒಂದರ ಮೇಲೊಂದು ಜೋಡಿಸಿದ ಕಾಗದದ ಹಾಳೆಗಳ ಹಾಗೆ. ಹಾಳೆಗಳನ್ನು ಹಿಡಿದಿಡುವ ಬಲ ತುಂಬಾ ಕಡಿಮೆ, ಹಾಗಾಗಿ ನೀರು ಸಂದಿಗೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ನೀರು ಹೋದಾಗ ಮತ್ತೆ ಹತ್ತಿರ ಬರುತ್ತವೆ, ಮಣ್ಣು ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಜೇಡಿಯಲ್ಲೇ ಇನ್ನೊಂದು ಜಾತಿ ಕಯೋಲಿನೈಟ್. ಅದರ ಹಾಳೆಗಳು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದು ಇಷ್ಟು ಉಬ್ಬುವುದಿಲ್ಲ.

ಈ ಹಾಳೆಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ, ಅದಕ್ಕೆ ಸೋಡಿಯಂನಂಥ ಅಯಾನುಗಳು ಅಂಟಿಕೊಂಡಿರುತ್ತವೆ. ಸೋಡಿಯಂ ಇದ್ದರೆ ಉಬ್ಬು ಜಾಸ್ತಿ. ಅದರ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂತರೆ ಕಣಗಳು ಗುಂಪು ಕಟ್ಟುತ್ತವೆ, ಜಿಗುಟು ಹೋಗುತ್ತದೆ, ಮಣ್ಣು ಪುಡಿಪುಡಿಯಾಗುತ್ತದೆ. ಇದು ಕೆಲವು ಗಂಟೆಗಳಲ್ಲೇ ಆಗುವ ಬದಲಾವಣೆ. ಆಮೇಲೆ ನಿಧಾನದ ಕೆಲಸ ಶುರುವಾಗುತ್ತದೆ. ಪಿಎಚ್ (ಆಮ್ಲ-ಕ್ಷಾರದ ಅಳತೆ) 12ರ ಮೇಲೆ ಹೋದಾಗ ಜೇಡಿಯಲ್ಲಿನ ಸಿಲಿಕಾ, ಅಲ್ಯುಮಿನಾ ಕರಗಲು ಶುರುವಾಗಿ ಕ್ಯಾಲ್ಸಿಯಂ ಜೊತೆ ಸೇರಿ ಸಿಮೆಂಟಿನಂಥ ಅಂಟು ಹುಟ್ಟುತ್ತದೆ. ಇದಕ್ಕೆ ವಾರಗಳು, ತಿಂಗಳುಗಳು ಬೇಕು.

ಅಂದರೆ ನಮಗೆ ಬೇಕಾದದ್ದು ಎರಡು: ಕ್ಯಾಲ್ಸಿಯಂ, ಮತ್ತು ಕ್ರಿಯೆಗೆ ತಯಾರಿರುವ ಸಿಲಿಕಾ-ಅಲ್ಯುಮಿನಾ. ಯಾವ ತ್ಯಾಜ್ಯದಲ್ಲಿ ಇವುಗಳಲ್ಲಿ ಯಾವುದು ಎಷ್ಟಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹಂತ 1: ನಿಮ್ಮ ಮಣ್ಣು ಎಂಥದ್ದು ನೋಡಿ

ಮೇಲಿನ ಹುಲ್ಲು ಬೇರಿನ ಪದರ ತೆಗೆದು, ಕೆಲಸ ಮಾಡುವ ಆಳದವರೆಗೂ ಗುಂಡಿ ತೋಡಿ ಮಣ್ಣು ತೆಗೆಯಿರಿ. ಒಂದೇ ಗುಂಡಿ ಸಾಲದು. ಮಣ್ಣಿನ ಬಣ್ಣ ಬದಲಾದ ಕಡೆಯೆಲ್ಲ ಬೇರೆ ಬೇರೆ ಮಾದರಿ ತೆಗೆದು, ಬೇರೆ ಬೇರೆ ಚೀಲದಲ್ಲಿ ಇಡಿ. ಎಲ್ಲವನ್ನೂ ಒಟ್ಟಿಗೆ ಕಲಸಿ ಸರಾಸರಿ ನೋಡುವವರಿದ್ದಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ರಸ್ತೆ ಹಾಳಾಗುವುದು ಸರಾಸರಿ ಜಾಗದಲ್ಲಲ್ಲ, ಅತಿ ಕೆಟ್ಟ ಜಾಗದಲ್ಲಿ.

ಮೊದಲ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಓವನ್ನಿನಲ್ಲಿ ಒಣಗಿಸಿದ ಮಣ್ಣನ್ನು ಪುಡಿ ಮಾಡಿ 425 ಮೈಕ್ರಾನ್ ಜರಡಿ ಹಿಡಿಯಿರಿ. ತಲಾ 10 ಗ್ರಾಂ ತೂಗಿ 100 ಮಿ.ಲೀ.ನ ಎರಡು ಅಳತೆ ಗಾಜಿನ ಕೊಳವೆಗೆ ಹಾಕಿ. ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ, ಎರಡೂ 100ರ ಗೆರೆಯವರೆಗೆ. ಗಾಜಿನ ಕಡ್ಡಿಯಿಂದ ಕಲಕಿ ಗಾಳಿ ಗುಳ್ಳೆ ಹೋಗಲಾಡಿಸಿ 24 ಗಂಟೆ ಅಲುಗಾಡಿಸದೆ ಬಿಡಿ. ಸೀಮೆಎಣ್ಣೆ ಆ ಹಾಳೆಗಳ ಸಂದಿಗೆ ನುಗ್ಗುವುದಿಲ್ಲ, ಅಲ್ಲಿ ಮಣ್ಣು ಉಬ್ಬದೆ ಕೂರುತ್ತದೆ. ನೀರಿನಲ್ಲಿ ಮಣ್ಣು 22 ಮಿ.ಲೀ., ಸೀಮೆಎಣ್ಣೆಯಲ್ಲಿ 12 ಮಿ.ಲೀ. ತೋರಿಸಿದರೆ ವ್ಯತ್ಯಾಸ 10. ಅದನ್ನು 12ರಿಂದ ಭಾಗಿಸಿದರೆ 83 ಪರ್ಸೆಂಟ್. ಇದೇ ಮುಕ್ತ ಉಬ್ಬು ಸೂಚ್ಯಂಕ. 20ಕ್ಕಿಂತ ಕಡಿಮೆ ಇದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ, 35 ದಾಟಿದರೆ ಹುಷಾರಾಗಬೇಕು, 50 ದಾಟಿದರೆ ಅದು ತುಂಬಾ ಉಬ್ಬುವ ಮಣ್ಣು. ನಮ್ಮ ಉದಾಹರಣೆಯ 83 ಆ ಕೊನೆಯ ಗುಂಪಿನದು.

ಇದರ ಜೊತೆ ಲ್ಯಾಬಿನಲ್ಲಿ ದ್ರವ ಮಿತಿ (ಮಣ್ಣು ಹರಿಯಲು ಶುರುವಾಗುವ ತೇವ), ಪ್ಲಾಸ್ಟಿಕ್ ಮಿತಿ (ಹೊಸೆದರೆ ಬಿರಿಯಲು ಶುರುವಾಗುವ ತೇವ) ಮಾಡಿಸಿ. ಎರಡರ ವ್ಯತ್ಯಾಸ ಪ್ಲಾಸ್ಟಿಸಿಟಿ ಸೂಚ್ಯಂಕ. ಅದು 35 ದಾಟಿದರೆ ಉಬ್ಬು ಜೋರಾಗಿರುತ್ತದೆ, 10ರ ಒಳಗಿದ್ದರೆ ಸುಣ್ಣದ ಕ್ರಿಯೆಗೆ ಬೇಕಾದ ಜೇಡಿಯೇ ಅಲ್ಲಿ ಇರುವುದಿಲ್ಲ. ಪ್ರಾಕ್ಟರ್ ಟೆಸ್ಟ್ ಕೂಡ ಬೇಕು. ಯಾವ ತೇವದಲ್ಲಿ ಮಣ್ಣು ಅತಿ ದಟ್ಟವಾಗಿ ಕೂರುತ್ತದೆ ಎನ್ನುವ ಹದ ಅದರಿಂದ ಸಿಗುತ್ತದೆ.

ಹಂತ 2: ಸಲ್ಫೇಟ್ ನೋಡದೆ ಮುಂದೆ ಹೋಗಬೇಡಿ

ಈ ಹಂತವನ್ನು ಜನ ಹಾರಿಸುತ್ತಾರೆ. ದೊಡ್ಡ ದೊಡ್ಡ ಕೆಲಸಗಳು ಹಾಳಾಗಿರುವುದೂ ಇಲ್ಲೇ.

ಮಣ್ಣಿನಲ್ಲಿ ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಇದ್ದರೆ, ಅದಕ್ಕೆ ಸುಣ್ಣವನ್ನೋ ಸಿಮೆಂಟನ್ನೋ ಬೆರೆಸಿದರೆ, ಸಲ್ಫೇಟ್, ಕ್ಯಾಲ್ಸಿಯಂ, ಅಲ್ಯುಮಿನಾ, ನೀರು ಎಲ್ಲ ಸೇರಿ ಎಟ್ರಿಂಗೈಟ್ ಎನ್ನುವ ಸೂಜಿಯಂಥ ಹರಳು ಬೆಳೆಯುತ್ತದೆ. ಅದು ಬೆಳೆಯುವಾಗ ರಾಶಿ ನೀರನ್ನು ತನ್ನೊಳಗೆ ಕಟ್ಟಿಕೊಳ್ಳುತ್ತದೆ. ಮದ್ದು ಹಾಕದೆ ಇದ್ದಿದ್ದರೆ ಉಬ್ಬುತ್ತಿದ್ದುದಕ್ಕಿಂತ ಜಾಸ್ತಿ ಉಬ್ಬುವುದೂ ಉಂಟು. ಅಮೆರಿಕದ ಲಾಸ್ ವೇಗಸ್‌ನ ಸ್ಟೀವರ್ಟ್ ಅವೆನ್ಯೂ ರಸ್ತೆಯಲ್ಲಿ 1970ರ ದಶಕದಲ್ಲಿ ಹೀಗೇ ಆಯಿತು. ಸುಣ್ಣ ಬೆರೆಸಿದ ಪದರ ಸುಮಾರು ಎರಡು ವರ್ಷ ಚೆನ್ನಾಗಿದ್ದು ಆಮೇಲೆ ಉಬ್ಬಿ ಒಡೆಯಿತು.

ಗುಂಡಿಯ ಗೋಡೆಯಲ್ಲಿ ಬಿಸಿಲಿಗೆ ಮಿಣುಕುವ ಬಿಳಿ ಹರಳು ಅಥವಾ ಬಿಳಿ ಗೆರೆ ಕಂಡರೆ ಅನುಮಾನ ಪಡಿ. ಕಾಣದಿದ್ದರೂ ಲ್ಯಾಬಿನಲ್ಲಿ ಕರಗುವ ಸಲ್ಫೇಟ್ ಎಷ್ಟಿದೆ ಎಂದು ಮಾಡಿಸಲೇಬೇಕು. ಸುಮಾರು 3,000 ಪಿಪಿಎಂ, ಅಂದರೆ 0.3 ಪರ್ಸೆಂಟ್ ಒಳಗಿದ್ದರೆ ಭಯ ಕಡಿಮೆ. ಅದರಿಂದ 8,000ದವರೆಗೆ ಎಚ್ಚರಿಕೆಯಿಂದ, ಜಾಸ್ತಿ ನೀರು ಹಾಕಿ, ಮಣ್ಣನ್ನು ಮಾಗಲು ಜಾಸ್ತಿ ದಿನ ಬಿಟ್ಟು ಮಾಡಬಹುದು. 8,000 ದಾಟಿದರೆ ಬರೀ ಸುಣ್ಣದ ದಾರಿ ಬಿಟ್ಟುಬಿಡಿ. ಅಂಥ ಮಣ್ಣಿಗೆ ಸುಣ್ಣದ ಪಾಲು ತಗ್ಗಿಸಿ ಕಬ್ಬಿಣದ ಕುಲುಮೆಯ ಸ್ಲ್ಯಾಗ್ (ಕಿಟ್ಟ) ಪುಡಿ ಜಾಸ್ತಿ ಹಾಕಿದರೆ ಈ ಉಬ್ಬು ತಗ್ಗುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ, ಆದರೆ ಅದು ಲ್ಯಾಬಿನ ಜೊತೆ ಕೂತು ಮಾಡುವ ಕೆಲಸ.

ಸಾವಯವ ಪದಾರ್ಥವನ್ನೂ ನೋಡಿ. ಒಂದು ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಅದು ಸುಣ್ಣವನ್ನು ತಾನೇ ನುಂಗಿಬಿಡುತ್ತದೆ. ಆಗ ಸುಣ್ಣದ ಪಾಲು ಹೆಚ್ಚಿಸಬೇಕಾಗುತ್ತದೆ.

ಹಂತ 3: ಯಾವ ತ್ಯಾಜ್ಯ ಆರಿಸುವುದು

ಹತ್ತಿರ ಏನು ಸಿಗುತ್ತದೆ ಎನ್ನುವುದರ ಮೇಲೆಯೇ ಬಹುಪಾಲು ತೀರ್ಮಾನ ಆಗುತ್ತದೆ. ಬೂದಿ ಬಿಟ್ಟಿ ಸಿಕ್ಕರೂ ಲಾರಿ ಬಾಡಿಗೆ ಬಿಟ್ಟಿ ಅಲ್ಲ. ಆದರೂ ಒಂದೊಂದರ ಗುಣ ತಿಳಿದುಕೊಂಡಿರಬೇಕು.

ಹಾರುಬೂದಿಯಲ್ಲಿ ಎರಡು ಜಾತಿ. ಎಫ್ ವರ್ಗದ ಬೂದಿಯಲ್ಲಿ ಸಿಲಿಕಾ, ಅಲ್ಯುಮಿನಾ ಧಾರಾಳ, ಸುಣ್ಣದ ಅಂಶ ಕಡಿಮೆ. ಅದನ್ನು ಒಂದನ್ನೇ ಎರೆಮಣ್ಣಿಗೆ ಬೆರೆಸಿದರೆ ಜಿಗುಟು ಸ್ವಲ್ಪ ತಗ್ಗುತ್ತದೆ ಅಷ್ಟೇ, ಗಟ್ಟಿಯಾಗುವುದಿಲ್ಲ. ಜೊತೆಗೆ ಸುಣ್ಣ ಬೇಕೇ ಬೇಕು. ಸಿ ವರ್ಗದ ಬೂದಿಯಲ್ಲಿ ಸುಣ್ಣದ ಅಂಶ ಜಾಸ್ತಿ, ನೀರು ತಗುಲಿದರೆ ತಾನೇ ಗಟ್ಟಿಯಾಗುತ್ತದೆ, ಅದೂ ಬೇಗ. ಯಾವ ವರ್ಗ ಎಂದು ಕೊಡುವವರ ಹತ್ತಿರ ರಾಸಾಯನಿಕ ವಿಶ್ಲೇಷಣೆಯ ವರದಿ ಕೇಳಿ. ಜೊತೆಗೆ ಒಣ ಬೂದಿಯನ್ನೇ ಕೇಳಿ. ನೀರಿನಲ್ಲಿ ಕೊಳಕ್ಕೆ ಹರಿಸಿ ವರ್ಷಗಟ್ಟಲೆ ಬಿದ್ದಿರುವ ಬೂದಿ ದಪ್ಪ ಕಣದ್ದು, ಅದರ ಕಸುವು ಹೋಗಿರುತ್ತದೆ. ಗುಂಡಿ ತುಂಬಿಸಲು ಅದು ಸರಿ, ಮಣ್ಣು ಗಟ್ಟಿ ಮಾಡಲು ಅಲ್ಲ. ಬೂದಿ ಕಪ್ಪಗಿದ್ದರೆ ಸುಡದ ಇಂಗಾಲ ಜಾಸ್ತಿ ಇದೆ ಎಂದು ಊಹಿಸಬಹುದು, ಅದೂ ಒಳ್ಳೆಯದಲ್ಲ.

ನನ್ನನ್ನು ಕೇಳಿದರೆ ಈ ಪಟ್ಟಿಯಲ್ಲಿ ಜನ ಗಮನಿಸದ ಚಿನ್ನ ಕಾರ್ಬೈಡ್ ಸುಣ್ಣ. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಹಾಕಿ ಅಸಿಟಿಲಿನ್ ಅನಿಲ ತೆಗೆದ ಮೇಲೆ ಉಳಿಯುವ ಬೂದು ಬಣ್ಣದ ಕೆಸರು ಅದು. ಬಹುಪಾಲು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣವೇ. ಸುಣ್ಣ ಕೊಂಡು ತರುವ ಬದಲು ಇದನ್ನು ಹಾರುಬೂದಿಯ ಜೊತೆ ಸೇರಿಸಿದರೆ ಇಡೀ ಮದ್ದು ತ್ಯಾಜ್ಯದಿಂದಲೇ ಆಯಿತು. ಆದರೆ ಎರಡು ವಿಷಯ. ಹಳೆಯ ರಾಶಿಯ ಮೇಲ್ಭಾಗ ಗಾಳಿಗೆ ತೆರೆದು ಸುಣ್ಣದ ಕಲ್ಲಿನ ಪುಡಿಯಾಗಿಬಿಟ್ಟಿರುತ್ತದೆ, ಅದರಿಂದ ಪ್ರಯೋಜನ ಇಲ್ಲ. ಒಂದು ಚಮಚದಷ್ಟರ ಮೇಲೆ ವಿನೆಗರ್ ಹಾಕಿ ನೋಡಿ, ಜೋರಾಗಿ ಬುರುಗು ಎದ್ದರೆ ಅದು ಕೆಟ್ಟಿದೆ ಎಂದು ತಿಳಿಯಿರಿ, ಇನ್ನೂ ಒಳಗಿನದನ್ನು ಬಗೆದು ತೆಗೆಯಿರಿ. ಹೊಸ ಕೆಸರಿನಲ್ಲಿ ಕರಗದ ಕಾರ್ಬೈಡ್ ಚೂರು ಉಳಿದಿರಬಹುದು, ಅದರಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಇಡಬೇಡಿ, ಹತ್ತಿರ ಬೀಡಿ ಸಿಗರೇಟು ಬೇಡ.

ಕಬ್ಬಿಣದ ಕುಲುಮೆಯ ಸ್ಲ್ಯಾಗನ್ನು ನುಣ್ಣಗೆ ಅರೆದ ಪುಡಿ, ಎಲ್ಲರೂ ಜಿಜಿಬಿಎಸ್ ಎಂದು ಕರೆಯುವುದು, ಒಳ್ಳೆಯ ವಸ್ತು. ಅದಕ್ಕೆ ಗಟ್ಟಿಯಾಗುವ ಗುಣ ಇದೆ, ಆದರೆ ಎಬ್ಬಿಸಲು ಸ್ವಲ್ಪ ಸುಣ್ಣ ಬೇಕು. ಒಂದರಿಂದ ಮೂರು ಪರ್ಸೆಂಟ್ ಸುಣ್ಣ, ಅದಕ್ಕೆ ಎರಡು ಮೂರು ಪಟ್ಟು ಸ್ಲ್ಯಾಗ್ ಪುಡಿ, ಇಲ್ಲಿಂದ ಪರೀಕ್ಷೆ ಶುರು ಮಾಡಬಹುದು. ಇದನ್ನು ಉಕ್ಕಿನ ಸ್ಲ್ಯಾಗ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಉಕ್ಕಿನ ಸ್ಲ್ಯಾಗಿನಲ್ಲಿ ಸರಿಯಾಗಿ ಕರಗದ ಸುಣ್ಣ, ಮೆಗ್ನೀಷಿಯಾ ಉಳಿದಿರುತ್ತವೆ. ಅವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಿಧಾನವಾಗಿ ನೀರು ಕುಡಿದು ಉಬ್ಬುತ್ತವೆ. ಉಬ್ಬುವ ಮಣ್ಣಿಗೆ ಉಬ್ಬುವ ಮದ್ದು! ತಿಂಗಳುಗಟ್ಟಲೆ ಮಳೆಗೆ ಬಿಟ್ಟು ಮಾಗಿಸಿ, ಉಬ್ಬು ಪರೀಕ್ಷೆ ಮಾಡಿದ ಮೇಲಲ್ಲದೆ ಅದನ್ನು ಮುಟ್ಟಬೇಡಿ.

ಸಿಮೆಂಟ್ ಗೂಡಿನ ಧೂಳಿನಲ್ಲಿ ಸುಣ್ಣ ಇದೆ, ಚುರುಕಾಗಿ ಕೆಲಸ ಮಾಡುತ್ತದೆ, ಆದರೆ ಸಲ್ಫೇಟ್, ಕ್ಲೋರೈಡ್ ಕೂಡ ಇರುತ್ತವೆ. ಪ್ರತಿ ಲೋಡನ್ನೂ ನೋಡಬೇಕು. ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕಾ 85–90 ಪರ್ಸೆಂಟ್‌ನಷ್ಟು ಇರುತ್ತದೆ, ಆದರೆ ಅತಿ ಜೋರು ಬೆಂಕಿಯಲ್ಲಿ ಸುಟ್ಟದ್ದಾದರೆ ಆ ಸಿಲಿಕಾ ಹರಳುಗಟ್ಟಿ ಸತ್ತುಹೋಗಿರುತ್ತದೆ. ಸುಮಾರು 700 ಡಿಗ್ರಿ ಸೆಲ್ಸಿಯಸ್ ಒಳಗೆ ಸುಟ್ಟ, ನುಣ್ಣಗೆ ಪುಡಿ ಮಾಡಿದ ಬೂದಿ ಒಳ್ಳೆಯದು, ಅದಕ್ಕೂ ಸುಣ್ಣ ಜೊತೆಯಾಗಬೇಕು. ಕಲ್ಲುಕ್ವಾರಿಯ ಪುಡಿ ರಾಸಾಯನಿಕವಾಗಿ ಏನೂ ಮಾಡುವುದಿಲ್ಲ, ಜೇಡಿಯ ಪಾಲು ಕಡಿಮೆ ಮಾಡುತ್ತದೆ ಅಷ್ಟೇ. ಫಾಸ್ಫೋಜಿಪ್ಸಂ (ರಸಗೊಬ್ಬರ ಕಾರ್ಖಾನೆಯ ತ್ಯಾಜ್ಯ) ಬಗ್ಗೆ ಒಂದೇ ಮಾತು: ಅದು ಸಲ್ಫೇಟ್, ಹಂತ 2 ಮತ್ತೊಮ್ಮೆ ಓದಿ. ಜೊತೆಗೆ ಅದರಲ್ಲಿ ಸ್ವಲ್ಪ ವಿಕಿರಣದ ಅಂಶವೂ ಇರುತ್ತದೆ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಎಫ್ ವರ್ಗದ ಹಾರುಬೂದಿ ಮತ್ತು ಸುಣ್ಣ. ನಿಧಾನವಾಗಿ ಗಟ್ಟಿಯಾಗುವುದರಿಂದ ಕೆಲಸಕ್ಕೆ ಸಮಯ ಸಿಗುತ್ತದೆ, ತಪ್ಪಾದರೆ ಮತ್ತೆ ಬೆರೆಸಲು ಆಗುತ್ತದೆ. ಮುಂದಿನ ಹಂತಗಳನ್ನೆಲ್ಲ ಈ ಜೋಡಿಯನ್ನೇ ಇಟ್ಟುಕೊಂಡು ಬರೆಯುತ್ತೇನೆ.

ಹಂತ 4: ಎಷ್ಟು ಹಾಕಬೇಕು, ಕಂಡುಹಿಡಿಯುವ ಬಗೆ

ಮೊದಲು ಸುಣ್ಣದ ಪಾಲು. 425 ಮೈಕ್ರಾನ್ ಜರಡಿ ಹಿಡಿದ ಒಣ ಮಣ್ಣನ್ನು ತಲಾ 25 ಗ್ರಾಂನಂತೆ ಆರು ಪ್ಲಾಸ್ಟಿಕ್ ಬಾಟಲಿಗೆ ಹಾಕಿ. ಅವುಗಳಿಗೆ ಮಣ್ಣಿನ ತೂಕದ 2, 3, 4, 5, 6, 8 ಪರ್ಸೆಂಟ್ ಸುಣ್ಣ ಸೇರಿಸಿ. 4 ಪರ್ಸೆಂಟ್ ಎಂದರೆ ಸರಿಯಾಗಿ 1 ಗ್ರಾಂ, ತಕ್ಕಡಿ ನಿಖರವಾಗಿರಬೇಕು. ಪ್ರತಿ ಬಾಟಲಿಗೆ 100 ಮಿ.ಲೀ. ಬಟ್ಟಿ ಇಳಿಸಿದ ನೀರು ಹಾಕಿ ಮುಚ್ಚಳ ಬಿಗಿ ಮಾಡಿ, ಹತ್ತು ಹತ್ತು ನಿಮಿಷಕ್ಕೆ ಅರ್ಧ ನಿಮಿಷ ಕುಲುಕುತ್ತಾ ಒಂದು ಗಂಟೆ ಕಳೆಯಿರಿ. ಆಮೇಲೆ ಪಿಎಚ್ ಮೀಟರ್‌ನಲ್ಲಿ ನೋಡಿ. ಸುಣ್ಣ ಕರಗಿ ತುಂಬಿದ ನೀರಿನ ಪಿಎಚ್ 25 ಡಿಗ್ರಿಯಲ್ಲಿ ಸುಮಾರು 12.4. ಆ 12.4ಕ್ಕೆ ಮುಟ್ಟಿದ ಅತಿ ಕಡಿಮೆ ಪಾಲೇ ನಿಮ್ಮ ಮಣ್ಣಿಗೆ ಬೇಕಾದ ಕನಿಷ್ಠ ಸುಣ್ಣ. ಮಣ್ಣು ತನಗೆ ಬೇಕಾದಷ್ಟು ಸುಣ್ಣ ಹೀರಿಕೊಂಡು, ಅಂಟು ಹುಟ್ಟಲು ಬೇಕಾದಷ್ಟು ಉಳಿಯಿತು ಎಂದು ಇದರರ್ಥ. ಕಾರ್ಬೈಡ್ ಸುಣ್ಣವನ್ನು ಬಳಸುವವರು ಅದನ್ನೇ ಒಣಗಿಸಿ ಇದೇ ಪರೀಕ್ಷೆ ಮಾಡಿ, ಅಂಗಡಿಯ ಸುಣ್ಣಕ್ಕೆ ಬಂದ ಸಂಖ್ಯೆಯನ್ನು ಇದಕ್ಕೆ ಹೊಂದಿಸಬೇಡಿ.

ನಮ್ಮ ಉದಾಹರಣೆಯ ಮಣ್ಣಿಗೆ 4 ಪರ್ಸೆಂಟ್ ಬಂತು ಎಂದಿಟ್ಟುಕೊಳ್ಳಿ. ಈಗ ಬೂದಿಯ ಪಾಲು. ಇದಕ್ಕೆ ಪಿಎಚ್ ಸಾಲದು, ಗಟ್ಟಿತನವನ್ನೇ ಅಳೆಯಬೇಕು. ಬರೀ ಮಣ್ಣು, ಮಣ್ಣಿಗೆ 4 ಸುಣ್ಣ ಮಾತ್ರ, 15 ಬೂದಿ ಮಾತ್ರ, ಆಮೇಲೆ 4 ಸುಣ್ಣದ ಜೊತೆ 10, 15, 20 ಬೂದಿ, ಹೀಗೆ ಆರು ಮಿಶ್ರಣ ಮಾಡಿ. ಬರೀ ಮಣ್ಣು, ಬರೀ ಸುಣ್ಣ, ಬರೀ ಬೂದಿ ಯಾಕೆ ಎಂದು ಕೇಳಬಹುದು. ಅವಿಲ್ಲದಿದ್ದರೆ ಕೆಲಸ ಮಾಡಿದ್ದು ಯಾವುದು ಎಂದೇ ಗೊತ್ತಾಗುವುದಿಲ್ಲ. ಎಷ್ಟೋ ಸಲ ಬರೀ ಸುಣ್ಣವೇ ಸಾಕಾಗಿರುತ್ತದೆ, ಬೂದಿ ಸುಮ್ನೆ ಜೊತೆಗೆ ಬಂದಿರುತ್ತದೆ.

ಪ್ರತಿ ಮಿಶ್ರಣಕ್ಕೂ ಪ್ರಾಕ್ಟರ್ ಟೆಸ್ಟ್ ಹೊಸದಾಗಿ ಮಾಡಿ. ಸುಣ್ಣ ಬಿದ್ದ ಮಣ್ಣಿನ ಗರಿಷ್ಠ ಸಾಂದ್ರತೆ ಇಳಿಯುತ್ತದೆ, ಹದದ ನೀರು ಏರುತ್ತದೆ. ಹಳೆಯ ಸಂಖ್ಯೆ ಇಟ್ಟುಕೊಂಡು ರೋಲರ್ ಓಡಿಸಿದರೆ ಯಾವತ್ತೂ ಗುರಿ ಮುಟ್ಟುವುದಿಲ್ಲ, ಎಲ್ಲರೂ ರೋಲರ್ ಡ್ರೈವರನ್ನು ಬಯ್ಯುತ್ತಾ ನಿಲ್ಲುತ್ತಾರೆ.

ಆಯಾ ಹದದಲ್ಲಿ 38 ಮಿ.ಮೀ. ಅಗಲ, 76 ಮಿ.ಮೀ. ಎತ್ತರದ ಉರುಳೆಗಳನ್ನು ಒತ್ತಿ ತಯಾರಿಸಿ. ಇಂಥ ಒಂದು ಉರುಳೆಯ ಗಾತ್ರ 86 ಘನ ಸೆಂ.ಮೀ. ಒಣ ಸಾಂದ್ರತೆ ಘನ ಸೆಂ.ಮೀ.ಗೆ 1.5 ಗ್ರಾಂ, ನೀರು 24 ಪರ್ಸೆಂಟ್ ಬೇಕಾದರೆ ಹಸಿ ಮಣ್ಣು 160 ಗ್ರಾಂ ತೂಗಿ ಅಚ್ಚಿಗೆ ಹಾಕಬೇಕು, ಒಂದು ಗ್ರಾಂ ಕೂಡ ಹೊರಗೆ ಉಳಿಯಬಾರದು. ಪ್ರತಿ ಮಿಶ್ರಣಕ್ಕೂ 7 ದಿನಕ್ಕೆ ಮೂರು, 28 ದಿನಕ್ಕೆ ಮೂರು. ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿ ನೆರಳಿನಲ್ಲಿ ಇಡಿ. ಒತ್ತಿ ಒಡೆಯುವ ಮೊದಲು ಕೆಲವನ್ನು ನೀರಿನಲ್ಲಿ ನೆನೆಸಿ. ಬರೀ ಎರೆಮಣ್ಣಿನ ಉರುಳೆ ಬಕೆಟ್ಟಿನಲ್ಲಿ ಅಂಚಿನಿಂದ ಪದರು ಪದರಾಗಿ ಉದುರಿ ತಳದಲ್ಲಿ ಗುಡ್ಡೆಯಾಗಿಬಿಡುತ್ತದೆ. ಸರಿಯಾದ ಮಿಶ್ರಣದ ಉರುಳೆ ಅಂಚು ಮುರಿಯದೆ ನಿಂತಿರುತ್ತದೆ. ಯಂತ್ರದಲ್ಲಿ ಒಡೆಯುವ ಮೊದಲೇ ಅರ್ಧ ಉತ್ತರ ಆ ಬಕೆಟ್ಟಿನಲ್ಲಿ ಕಾಣುತ್ತದೆ.

ಬರೀ ಮಣ್ಣಿಗಿಂತ ಗಟ್ಟಿತನ ಕನಿಷ್ಠ 345 ಕಿಲೋಪಾಸ್ಕಲ್ ಏರಿರಬೇಕು ಎನ್ನುವುದು ಬಳಕೆಯಲ್ಲಿರುವ ಒಂದು ಅಳತೆಗೋಲು. ರಸ್ತೆ ಕೆಲಸವಾದರೆ ನಾಲ್ಕು ದಿನ ನೆನೆಸಿದ ಸಿಬಿಆರ್ ಟೆಸ್ಟ್ (ಮಣ್ಣು ಭಾರ ಹೊರುವ ಶಕ್ತಿಯ ಪರೀಕ್ಷೆ) ಮಾಡಿಸಿ. ನೆನೆಯುವಾಗ ಮಣ್ಣು ಎಷ್ಟು ಮಿಲಿಮೀಟರ್ ಮೇಲೆದ್ದಿತು ಎನ್ನುವ ಡಯಲ್ ಗೇಜ್ ಲೆಕ್ಕವನ್ನೂ ಬರೆದುಕೊಳ್ಳಲು ಹೇಳಿ. ಸಿಬಿಆರ್ ಚೆನ್ನಾಗಿ ಬಂದು ಉಬ್ಬು ಹಾಗೇ ಉಳಿದಿದ್ದರೆ ಆ ಮಿಶ್ರಣ ನಮಗೆ ಬೇಡ. ನಮ್ಮ ರೋಗ ಉಬ್ಬು, ಬಲಹೀನತೆ ಆಮೇಲಿನದು.

ಬೂದಿ 15ರಿಂದ 20ಕ್ಕೆ ಏರಿಸಿದಾಗ ಗಟ್ಟಿತನ ಇಳಿದರೆ ಆಶ್ಚರ್ಯಪಡಬೇಡಿ. ಬೂದಿಗೆ ಬೇಕಾದಷ್ಟು ಸುಣ್ಣ ಇಲ್ಲದಾಗ ಉಳಿದ ಬೂದಿ ಬರೀ ಹೂಳಿನ ಹಾಗೆ ಕೂರುತ್ತದೆ. ಎಲ್ಲಿ ಏರಿಕೆ ನಿಲ್ಲುತ್ತದೆಯೋ ಅಲ್ಲಿ ನಿಲ್ಲಿಸಿ.

ಹಂತ 5: ಲೆಕ್ಕ

100 ಚದರ ಮೀಟರ್ ಜಾಗ, 20 ಸೆಂ.ಮೀ. ಆಳ, ಒಣ ಸಾಂದ್ರತೆ ಘನ ಮೀಟರಿಗೆ 1.5 ಟನ್ ಎಂದುಕೊಳ್ಳಿ. ಮಣ್ಣು 20 ಘನ ಮೀಟರ್, ಒಣ ತೂಕ 30 ಟನ್. ಸುಣ್ಣ 4 ಪರ್ಸೆಂಟ್ ಎಂದರೆ 1.2 ಟನ್, ಬೂದಿ 15 ಪರ್ಸೆಂಟ್ ಎಂದರೆ 4.5 ಟನ್. ಒಂದು ಚದರ ಮೀಟರಿಗೆ ಸುಣ್ಣ 12 ಕೆ.ಜಿ., ಬೂದಿ 45 ಕೆ.ಜಿ. ಸುಣ್ಣದ ಚೀಲ 25 ಕೆ.ಜಿ.ಯದಾದರೆ ಒಂದು ಚೀಲಕ್ಕೆ ಎರಡು ಚದರ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಜಾಗ.

ನೀರಿನ ಲೆಕ್ಕದಲ್ಲಿ ಜನ ತಪ್ಪುತ್ತಾರೆ. ಹದ 24 ಪರ್ಸೆಂಟ್, ಮಣ್ಣಿನಲ್ಲಿ ಈಗಿರುವುದು 14 ಎಂದರೆ ಬೇಕಾದದ್ದು 30 ಟನ್ನಿನ 10 ಪರ್ಸೆಂಟ್ ಮಾತ್ರ ಅಲ್ಲ. ಸುಣ್ಣ, ಬೂದಿಗೂ ನೀರು ಬೇಕು. ಒಟ್ಟು ಒಣ ತೂಕ 35.7 ಟನ್, ಅದರ 24 ಪರ್ಸೆಂಟ್ ಸುಮಾರು 8.6 ಟನ್ ನೀರು, ಮಣ್ಣಿನಲ್ಲಿ ಇರುವುದು 4.2 ಟನ್. ಹಾಕಬೇಕಾದದ್ದು ಸುಮಾರು 4,400 ಲೀಟರ್, ಬಿಸಿಲಿಗೆ ಹಾರುವುದು ಬೇರೆ. ಇನ್ನೂ ಅರಳಿಸದ ಸುಟ್ಟ ಸುಣ್ಣ ಬಳಸಿದರೆ ಅರಳಲು ಅದರ ತೂಕದ ಮೂರನೇ ಒಂದು ಭಾಗದಷ್ಟು ನೀರು ಇನ್ನೂ ಬೇಕು. ಕಾರ್ಬೈಡ್ ಕೆಸರಾದರೆ ಅದರಲ್ಲೇ ಇರುವ ನೀರನ್ನು ಕಳೆಯಿರಿ, ಸುಣ್ಣದ ತೂಕವನ್ನೂ ಒಣಗಿದ ಲೆಕ್ಕದಲ್ಲೇ ಹಿಡಿಯಿರಿ.

ಹಂತ 6: ನೆಲದ ಮೇಲೆ ಕೆಲಸ

ಕೆಲಸಕ್ಕೆ ಮಳೆ ಇಲ್ಲದ, ಜೋರು ಗಾಳಿ ಇಲ್ಲದ ದಿನ ಆರಿಸಿ. ಹೊರಗಿನ ಬಿಸಿ 5 ಡಿಗ್ರಿಗಿಂತ ಕೆಳಗಿದ್ದರೆ ಬೇಡವೇ ಬೇಡ, ಕ್ರಿಯೆ ನಿಂತೇ ಹೋಗುತ್ತದೆ. ಎಲ್ಲರಿಗೂ ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ಧೂಳಿನ ಮಾಸ್ಕ್, ಕೈಗವಸು, ಬೂಟು, ಉದ್ದ ತೋಳಿನ ಅಂಗಿ. ಬೆವರಿದ ಚರ್ಮಕ್ಕೆ ಸುಣ್ಣ ತಾಗಿದರೆ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಪಕ್ಕದಲ್ಲೇ ಸಾಕಷ್ಟು ಶುದ್ಧ ನೀರು ಇರಲಿ, ಬಿದ್ದ ತಕ್ಷಣ ಹದಿನೈದು ಇಪ್ಪತ್ತು ನಿಮಿಷ ತೊಳೆಯುತ್ತಲೇ ಇದ್ದು ಆಸ್ಪತ್ರೆಗೆ ಹೋಗಬೇಕು.

ಮೇಲಿನ ಪದರ ತೆಗೆದು ಮಟ್ಟ ಮಾಡಿ. ನೇಗಿಲು ಅಥವಾ ರಿಪ್ಪರ್‌ನಿಂದ 20 ಸೆಂ.ಮೀ. ಆಳಕ್ಕೆ ಸಡಿಲಿಸಿ, ರೋಟವೇಟರ್ ಓಡಿಸಿ ಹೆಂಟೆ ಒಡೆಯಿರಿ. ಎರೆಮಣ್ಣು ಪೂರ್ತಿ ಒಣಗಿದ್ದರೆ ಹೆಂಟೆ ಕಲ್ಲಿನಂತೆ, ಹಸಿಯಾಗಿದ್ದರೆ ಅಲಗಿಗೆಲ್ಲ ಮೆತ್ತಿಕೊಳ್ಳುತ್ತದೆ. ಸ್ವಲ್ಪ ನೀರು ಚಿಮುಕಿಸಿ ಒಂದು ರಾತ್ರಿ ಬಿಟ್ಟರೆ ಒಡೆಯುವ ಹದಕ್ಕೆ ಬರುತ್ತದೆ.

ಸುಣ್ಣ ಹರಡುವಾಗ ನೆಲದ ಮೇಲೆ ಹಗ್ಗದಿಂದಲೋ ಸುಣ್ಣದ ಗೆರೆಯಿಂದಲೋ ಚೌಕ ಹಾಕಿ, ಪ್ರತಿ ಚೌಕಕ್ಕೆ ಲೆಕ್ಕದಷ್ಟು ಚೀಲ ಇಟ್ಟು ಆಮೇಲೆ ಕತ್ತರಿಸಿ. ಲಾರಿಯಿಂದ ಗುಡ್ಡೆ ಸುರಿದು ಸಲಿಕೆಯಿಂದ ಎಳೆದರೆ ಒಂದು ಕಡೆ 8 ಪರ್ಸೆಂಟ್, ಇನ್ನೊಂದು ಕಡೆ ಸೊನ್ನೆ. ಹರಡಿದ ಮೇಲೆ ಬೇಗ ಬೆರೆಸಿ, ಗಾಳಿಗೆ ಬಿಟ್ಟ ಸುಣ್ಣ ಕೆಡುತ್ತದೆ.

ಈ ಜಾಗದಲ್ಲಿ ಒಂದು ಕ್ರಮ ಮುಖ್ಯ. ಮೊದಲು ಸುಣ್ಣ ಮಾತ್ರ ಬೆರೆಸಿ, ಹದಕ್ಕಿಂತ ಸ್ವಲ್ಪ ಜಾಸ್ತಿ ನೀರು ಹಾಕಿ, ಹಗುರವಾಗಿ ರೋಲರ್ ಆಡಿಸಿ ಮೇಲ್ಮೈ ಮುಚ್ಚಿ, 24ರಿಂದ 48 ಗಂಟೆ ಮಾಗಲು ಬಿಡಿ. ತುಂಬಾ ಜಿಗುಟು ಮಣ್ಣಾದರೆ 72 ಗಂಟೆ. ಮಾಗಿದ ಮಣ್ಣು ಕೈಗೆ ಅಂಟುವುದಿಲ್ಲ, ಹಿಸುಕಿದರೆ ರವೆಯಂತೆ ಉದುರುತ್ತದೆ. ಆಗ ಬೂದಿ ಹರಡಿ ಮತ್ತೆ ಬೆರೆಸಿ. ಇದೇ ಹೊತ್ತಿನಲ್ಲಿ ಹೆಂಟೆ ಪರೀಕ್ಷೆ ಮಾಡಿ: ಕಲ್ಲು ಬಿಟ್ಟು ಉಳಿದ ಮಣ್ಣೆಲ್ಲ 25 ಮಿ.ಮೀ. ಜರಡಿಯಲ್ಲಿ ಇಳಿಯಬೇಕು, 60 ಪರ್ಸೆಂಟ್ ಆದರೂ 4.75 ಮಿ.ಮೀ. ಜರಡಿಯಲ್ಲಿ ಇಳಿಯಬೇಕು. ಇಳಿಯದಿದ್ದರೆ ಇನ್ನೊಂದು ಸುತ್ತು ರೋಟವೇಟರ್. ಸುಣ್ಣ ತಾಗದ ಹೆಂಟೆ ಒಳಗೆ ಉಳಿದರೆ ಅದು ಅದೇ ಹಳೆಯ ಎರೆಮಣ್ಣು.

ಸಿ ವರ್ಗದ ಬೂದಿ ಅಥವಾ ಸಿಮೆಂಟ್ ಗೂಡಿನ ಧೂಳಾದರೆ ಕಾಯುವಂತಿಲ್ಲ. ನೀರು ತಗುಲಿದ ಮೇಲೆ ಎರಡು ಗಂಟೆಯೊಳಗೆ ರೋಲರ್ ಕೆಲಸ ಮುಗಿಯಬೇಕು. ತಡವಾದರೆ ಆಗಲೇ ಹುಟ್ಟಿದ ಅಂಟನ್ನು ರೋಲರ್ ಮುರಿಯುತ್ತದೆ. ಒಂದು ದಿನಕ್ಕೆ ಮುಗಿಸಲು ಆಗುವಷ್ಟೇ ಜಾಗ ತೆಗೆದುಕೊಳ್ಳಿ.

ಬೆರೆತಿದೆಯೇ ಎಂದು ನೋಡಲು ಒಂದು ಸುಲಭದ ಉಪಾಯ ಫಿನಾಲ್ಫ್ಥಲೀನ್ ದ್ರಾವಣ. ಒಂದು ಅಡಿ ಅಗಲದ ಕುಳಿ ತೋಡಿ ಅದರ ಗೋಡೆಗೆ ಸಿಂಪಡಿಸಿ. ಸುಣ್ಣ ಇರುವಷ್ಟು ಆಳಕ್ಕೆ ಗಾಢ ಗುಲಾಬಿ ಬಣ್ಣ ಬರುತ್ತದೆ. 20 ಸೆಂ.ಮೀ. ಬೇಕಾದ ಕಡೆ ಗುಲಾಬಿ 12ಕ್ಕೇ ನಿಂತಿದ್ದರೆ ರೋಟವೇಟರ್ ಆಳಕ್ಕೆ ಇಳಿದಿಲ್ಲ. ಗುಲಾಬಿ ನಡುವೆ ಕಪ್ಪು ಮಚ್ಚೆಗಳು ಕಂಡರೆ ಹೆಂಟೆ ಒಡೆದಿಲ್ಲ. ಇದು ಸುಣ್ಣ ತಲುಪಿದೆಯೇ ಎಂದಷ್ಟೇ ಹೇಳುತ್ತದೆ, ಸಾಕಷ್ಟು ಇದೆಯೇ ಎಂದು ಹೇಳುವುದಿಲ್ಲ. ಪಿಎಚ್ 10 ಇದ್ದರೂ ಅದೇ ಗುಲಾಬಿ.

ನೀರಿನ ಹದ ನೋಡಿ ರೋಲರ್ ಓಡಿಸಿ. ಮೊದಲು ಗೊರಸಿನಂಥ ಮುಳ್ಳಿರುವ ರೋಲರ್, ಆಮೇಲೆ ನುಣುಪಿನದು. ಲ್ಯಾಬಿನ ಗರಿಷ್ಠ ಒಣ ಸಾಂದ್ರತೆಯ 95 ಪರ್ಸೆಂಟ್ ಬಂದಿದೆಯೇ ಎಂದು ಮರಳು ತುಂಬುವ ವಿಧಾನದಲ್ಲಿ (ಸಣ್ಣ ಕುಳಿ ತೋಡಿ, ಅದಕ್ಕೆ ಹಿಡಿಸುವ ಮರಳಿನಿಂದ ಕುಳಿಯ ಗಾತ್ರ ಅಳೆಯುವುದು) ಅಲ್ಲಲ್ಲಿ ಅಳೆಯಿರಿ. ಬೂದಿ, ಸುಣ್ಣ ಸೇರಿದ್ದರಿಂದ ಪದರ 20 ಸೆಂ.ಮೀ.ಗಿಂತ ದಪ್ಪ ಆಗಿರುತ್ತದೆ, ಮಟ್ಟದ ಲೆಕ್ಕದಲ್ಲಿ ಅದನ್ನು ಮೊದಲೇ ಹಿಡಿದಿರಬೇಕು. ಕೊನೆಗೆ ಮಟ್ಟ ಮಾಡುವಾಗ ತಗ್ಗಿಗೆ ತೆಳುವಾಗಿ ಮಣ್ಣು ಮೆತ್ತಬೇಡಿ, ಅದು ಚಕ್ಕೆಯಾಗಿ ಎದ್ದುಬರುತ್ತದೆ. ಉಬ್ಬಿದ ಕಡೆ ಕೆರೆಯಿರಿ, ಕೆರೆದದ್ದನ್ನು ಆಚೆ ಹಾಕಿ.

ಹಂತ 7: ಏಳು ದಿನ ಒಣಗಲು ಬಿಡಬೇಡಿ

ರೋಲರ್ ಹೋದ ತಕ್ಷಣ ಕೆಲಸ ಮುಗಿಯಿತು ಎಂದು ಎಲ್ಲರೂ ಮನೆಗೆ ಹೋಗುತ್ತಾರೆ. ನೀರಿಲ್ಲದೆ ಅಂಟು ಹುಟ್ಟುವುದಿಲ್ಲ. ಏಳು ದಿನ ದಿನಕ್ಕೆ ಹಲವು ಸಲ ಹಗುರವಾಗಿ ನೀರು ಚಿಮುಕಿಸಿ, ಇಲ್ಲವೇ ಡಾಂಬರು ಎಮಲ್ಷನ್ (ನೀರಿನಲ್ಲಿ ಬೆರೆಸಿದ ತೆಳು ಡಾಂಬರು) ಸಿಂಪಡಿಸಿ ತೇವ ಒಳಗೇ ಕಟ್ಟಿಹಾಕಿ. ಎರಡನೆಯದೇ ನನಗೆ ಇಷ್ಟ, ಯಾಕೆಂದರೆ ಭಾನುವಾರ ನೀರು ಹಾಕುವವನು ಬರಲಿಲ್ಲ ಎನ್ನುವ ತೊಂದರೆ ಇಲ್ಲ. ಈ ದಿನಗಳಲ್ಲಿ ಭಾರದ ಗಾಡಿ ಬಿಡಬೇಡಿ. ಆಮೇಲೆ ಮೇಲಿನ ಜಲ್ಲಿ ಪದರವನ್ನು ತಡಮಾಡದೆ ಹಾಕಿ. ಗಟ್ಟಿ ಮಾಡಿದ ಮಣ್ಣು ತಾನೇ ರಸ್ತೆಯ ಮೇಲ್ಮೈ ಅಲ್ಲ, ಗಾಲಿಗಳ ಉಜ್ಜಾಟಕ್ಕೆ ಪುಡಿಯಾಗುತ್ತದೆ.

ಹಂತ 8: ನೀರನ್ನು ದೂರ ಇಡಿ

ಇಷ್ಟೆಲ್ಲ ಮಾಡಿ ಅಂಚಿನಲ್ಲಿ ಚರಂಡಿ ಇಲ್ಲದಿದ್ದರೆ ಪ್ರಯೋಜನ ಇಲ್ಲ. ಪಕ್ಕದಿಂದ ಇಳಿದ ನೀರು ಕೆಳಗಿನ ಎರೆಮಣ್ಣನ್ನು ಉಬ್ಬಿಸಿ ಅಂಚನ್ನೇ ಎತ್ತುತ್ತದೆ, ಬಿರುಕು ಮೊದಲು ಕಾಣುವುದು ಸಾಮಾನ್ಯವಾಗಿ ಅಂಚಿಗೆ ಸಮಾನಾಂತರವಾಗಿ. ಗಟ್ಟಿ ಪದರವನ್ನು ಎರಡೂ ಬದಿಗೆ ಅರ್ಧ ಮೀಟರಾದರೂ ಹೊರಗೆ ಚಾಚಿ. ನೆಲ ಇಳಿಜಾರಾಗಿರಲಿ, ದೊಡ್ಡ ಮರ ಹತ್ತಿರ ಬೇಡ, ಅದು ಒಂದು ಬದಿಯ ತೇವವನ್ನು ಹೀರಿ ಅಲ್ಲಿ ಮಾತ್ರ ಮಣ್ಣನ್ನು ಕುಗ್ಗಿಸುತ್ತದೆ. ನೀರಿನ ಪೈಪ್ ಹಾದುಹೋಗಿದ್ದರೆ ಸೋರುತ್ತಿದೆಯೇ ನೋಡಿ.

ಪರಿಸರದ ಮಾತು

ತ್ಯಾಜ್ಯ ಬಳಸಿದ ಮಾತ್ರಕ್ಕೆ ಹಸಿರು ಕೆಲಸ ಆಗುವುದಿಲ್ಲ. ಬೂದಿ, ಸ್ಲ್ಯಾಗ್, ಗೂಡಿನ ಧೂಳು ಇವುಗಳಲ್ಲಿ ಆರ್ಸೆನಿಕ್, ಕ್ರೋಮಿಯಂ, ಸೆಲೆನಿಯಂ, ಬೋರಾನ್ ಇರಬಹುದು. ತ್ಯಾಜ್ಯವನ್ನಷ್ಟೇ ಅಲ್ಲ, ಗಟ್ಟಿಯಾದ ಮಿಶ್ರಣವನ್ನೂ ನೀರಿನಲ್ಲಿ ಸೋಸಿ ಏನು ಹೊರಬರುತ್ತದೆ ಎಂದು ಲ್ಯಾಬಿನಲ್ಲಿ ಪರೀಕ್ಷಿಸಿ, ಕುಡಿಯುವ ನೀರಿನ ಮಿತಿಯ ಜೊತೆ ಹೋಲಿಸಿ. ಬಾವಿ, ಕೆರೆ, ಕೊಳವೆಬಾವಿಯ ಪಕ್ಕ, ಅಂತರ್ಜಲ ಮೇಲೆ ಬರುವ ಜಾಗ ಇಲ್ಲೆಲ್ಲ ಬೇಡ. ಕ್ಯೂರಿಂಗ್ ಮಾಡುವಾಗ ಹರಿದುಹೋಗುವ ನೀರಿನ ಪಿಎಚ್ 12ರ ಹತ್ತಿರ ಇರುತ್ತದೆ. ಅದು ಕೆರೆಗೆ ಹೋದರೆ ಮೀನು ಸಾಯುತ್ತದೆ, ಬೆಳೆಗೆ ಹೋದರೆ ಬೆಳೆ ಸುಡುತ್ತದೆ. ಸಣ್ಣ ಬದು ಕಟ್ಟಿ ತಡೆಯಿರಿ. ತ್ಯಾಜ್ಯ ಸಾಗಿಸಲು, ಬಳಸಲು ಅನುಮತಿ ಬೇಕಾಗುತ್ತದೆ, ಅದನ್ನು ಮೊದಲೇ ವಿಚಾರಿಸಿ. ಕೃಷಿ ಮಾಡುವ ಹೊಲದ ಮಣ್ಣಿಗೆ ಈ ವಿಧಾನ ಯಾವ ಕಾರಣಕ್ಕೂ ಬೇಡ.

ಕೆಲಸ ಆದ ಮೇಲೆ

28 ದಿನದ ನಂತರ ನೆಲದಿಂದಲೇ ಒಂದೆರಡು ತುಂಡು ಕೊರೆದು ತೆಗೆದು ಗಟ್ಟಿತನ ನೋಡಿ. ಲ್ಯಾಬಿನ ಸಂಖ್ಯೆಗಿಂತ ಕಡಿಮೆ ಬರುತ್ತದೆ, ಅದು ಸಹಜ, ಅರ್ಧಕ್ಕಿಂತ ಕೆಳಗೆ ಬಂದರೆ ಬೆರೆಸುವುದರಲ್ಲೋ ತೇವದಲ್ಲೋ ಎಡವಟ್ಟಾಗಿದೆ. ನಾಲ್ಕಾರು ಕಡೆ ಮೊಳೆ ಹೊಡೆದು ಅವುಗಳ ಮಟ್ಟ ಬರೆದಿಟ್ಟುಕೊಳ್ಳಿ, ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಅಳೆಯಿರಿ. ಕಣ್ಣಿಗೆ ಕಾಣದ ಏರಿಕೆ ಅದರಲ್ಲಿ ಸಿಗುತ್ತದೆ. ಎಲ್ಲೋ ಒಂದು ಕಡೆ ಮೆತ್ತಗಾಗಿದ್ದರೆ ಮೇಲೆ ಜಲ್ಲಿ ಸುರಿದು ಮುಚ್ಚಬೇಡಿ. ಆ ಜಾಗವನ್ನು ಚೌಕವಾಗಿ ಪದರದ ಪೂರ್ತಿ ಆಳಕ್ಕೆ ಅಗೆದು, ಅಂಚು ನೇರವಾಗಿ ಕತ್ತರಿಸಿ, ಹೊಸ ಮಿಶ್ರಣವನ್ನು ಅದೇ ಹದದಲ್ಲಿ ತುಂಬಿ ದಮ್ಮಸ್ಸು ಮಾಡಿ, ಮತ್ತೆ ಏಳು ದಿನ ತೇವ ಕಾಯಿರಿ. ಅದಕ್ಕೂ ಮೊದಲು ನೀರು ಎಲ್ಲಿಂದ ಬಂತು ಎಂದು ಹುಡುಕಿ, ಆ ದಾರಿ ಮುಚ್ಚಿ.